ಸ್ತಮಾತಾನ ಉಂಗುರ ಯಾವ ಕೈಲಿ

ಗ್ರೀಸ್ ದೇಶದ ಕಾರ್ದಾಮಿಲಾ ಊರಲ್ಲಿ ಹೆಂಗಸರ ಕೂದಲು ಕತ್ತರಿಸೋಳು ಒಬ್ಬಳೇ, ನಮ್ಮ ಸ್ತಮಾತಾ. ಮೂವತ್ತನಾಲ್ಕು ವರ್ಷ. ಎಡಚಿ. ಚಿಕ್ಕೋಳಿದ್ದಾಗ ಚಮಚ ಎಡಗೈಲಿ ಹಿಡಿದ್ರೆ ಅಜ್ಜಿ ಕೈಮೇಲೆ ಪಟ್ ಅಂತ ಒಂದು ಕೊಡ್ತಿದ್ರಂತೆ. ಇವಳು ಚಮಚ ಪಕ್ಕಕ್ಕಿಟ್ಟು, ಅದೇ ಎಡಗೈಲಿ ಬ್ರೆಡ್ಡು ಅದ್ದಿಕೊಂಡು ತಿಂತಿದ್ಲಂತೆ. ಅಂಥ ಹಟದೋಳು. ದೊಡ್ಡ ಬಂದರು ಪಟ್ಟಣ ಪಿರೇಯಸ್‌ಗೆ ಹೋಗಿ ಎರಡು ವರ್ಷ ಕೆಲಸ ಕಲಿತು, ವಾಪಸ್ ಬರುವಾಗ ಎಡಗೈಯೋರಿಗೆ ಅಂತಲೇ ಮಾಡಿದ ಕತ್ತರಿ ತಂದ್ಲು. ಅಪ್ಪ ದೋಣಿ ಇಡ್ತಿದ್ದ ಕೋಣೆಗೆ ಸುಣ್ಣ ಹೊಡೆಸಿ, ಎರಡು ಕುರ್ಚಿ ಒಂದು ಕನ್ನಡಿ ಹಾಕಿ ಕೂತ್ಲು. ಹನ್ನೆರಡು ವರ್ಷದಿಂದ ಊರಿನ ಹೆಂಗಸರ ತಲೆಯೆಲ್ಲ ಇವಳ ಕೈಲಿ. ಅವರ ಕಣ್ಣೆಲ್ಲ ಇವಳ ಕೈಮೇಲೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಜನವರಿಯಲ್ಲಿ ಅರ್ಗಿರಿಸ್ ಜೊತೆ ನಿಶ್ಚಿತಾರ್ಥ ಆಯ್ತು. ಅವನು ಸರಕು ಹಡಗಲ್ಲಿ ಇಂಜಿನ್ ನೋಡ್ಕೊಳ್ಳೋನು. ಮಾತು ಕಮ್ಮಿ. ಆದ್ರೆ ಊಟಕ್ಕೆ ಕೂತಾಗ ಇವಳ ಎಡಗಡೆ ಕುರ್ಚಿ ಖಾಲಿ ಬಿಡಿಸ್ತಿದ್ದ, ಮೊಣಕೈಗೆ ಜಾಗ ಇರ್ಲಿ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ ಅದು. ಸ್ತಮಾತಾ ಒಪ್ಪಿಕೊಂಡಿದ್ದೇ ಆ ಕುರ್ಚಿ ನೋಡಿ. ಪಾದ್ರಿ ಇಸಿದೋರಸ್ ಬಂದು ಇಬ್ಬರಿಗೂ ಎಡಗೈಗೆ ಚಿನ್ನದ ಉಂಗುರ ಹಾಕಿದ್ರು. ಅಕ್ಟೋಬರಲ್ಲಿ ಮದುವೆ, ನಮ್ಮ ಪದ್ಧತಿ ಪ್ರಕಾರ ಆವತ್ತು ಉಂಗುರ ಬಲಗೈಗೆ ಬರ್ಬೇಕು. ಫೆಬ್ರವರಿಯಲ್ಲಿ ಅರ್ಗಿರಿಸ್ ಹಡಗು ಹತ್ತಿ ಹೋದ.

ಕತ್ತರಿ ಹಿಡಿಯೋದು ನೋಡಿದ್ದೀರಲ್ಲ. ಒಂದು ತೂತಿಗೆ ಹೆಬ್ಬೆರಳು, ಇನ್ನೊಂದಕ್ಕೆ ಉಂಗುರ ಬೆರಳು. ಆ ಬೆರಳಲ್ಲಿ ಉಂಗುರ ಇದ್ರೆ ತೂತಿಗೆ ಹೋಗಲ್ಲ. ತಳ್ಳಿದ್ರೆ ಸಿಕ್ಕಾಕೊಳ್ಳತ್ತೆ, ಮಧ್ಯ ಕೂದಲು ಬೇರೆ. ಎರಡೇ ದಿನಕ್ಕೆ ಬೆರಳ ಸಂದಿ ಕೆಂಪಗೆ ಊದಿಕೊಂಡ್ತು. ಹೇಗೋ ಸಹಿಸ್ಕೊಂಡು, ಅರ್ಗಿರಿಸ್ ಹೋಗಿ ತಿಂಗಳಾದ್ಮೇಲೆ ಉಂಗುರ ತೆಗೆದು ತಟ್ಟೆಯಲ್ಲಿಟ್ಲು. ಕೂದಲಿಗೆ ಬಣ್ಣ ಹಚ್ಚಿಸ್ಕೊಳ್ತಿದ್ದ ಹೆಂಗಸು ಕನ್ನಡಿಯಲ್ಲೇ ನೋಡಿ, ಪಾಪ, ಸಂಬಂಧ ಮುರಿದೇ ಹೋಯ್ತಾ ಅಂತ ಕೇಳಿದ್ಲು. ಸರಿ ಅಂತ ಸರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕೊಂಡ್ಲು. ಸತ್ತೋರ ಉಂಗುರನ ಹಾಗೆ ಹಾಕೋದು, ಹಡಗಲ್ಲಿರೋ ಗಂಡಿಗೆ ಒಳ್ಳೇದಲ್ಲ ಅಂತ ಚಿಕ್ಕಮ್ಮ ಅಳೋಕೇ ಶುರುಮಾಡಿದ್ರು. ಹಾಳಾಗಿ ಹೋಗ್ಲಿ ಅಂತ ಸ್ತಮಾತಾ ಉಂಗುರ ತೆಗೆದು ಬಲಗೈಗೆ ಹಾಕೊಂಡ್ಲು. ಕತ್ತರಿ ಸರಾಗ ಓಡ್ತು, ಬೆರಳೂ ವಾಸಿ ಆಯ್ತು.

ಆ ನೆಮ್ಮದಿ ನಾಲ್ಕೇ ದಿನ. ಐದನೇ ದಿನ ಬೇಕರಿಯೋಳು ಬ್ರೆಡ್ ಜೊತೆ ಒಂದು ಕೇಕೂ ಕಟ್ಟಿಕೊಟ್ಟು, ಚೆನ್ನಾಗಿ ಬಾಳಿ ಇಬ್ಬರೂ ಅಂದ್ಲು. ನಿಶ್ಚಿತಾರ್ಥದ ಶುಭಾಶಯ ಈಗ ಹೇಳ್ತಿದ್ದಾಳೆ ಅನ್ಕೊಂಡು ಇವಳು ಥ್ಯಾಂಕ್ಸ್ ಹೇಳಿ ಬಂದ್ಲು. ಅದೇ ತಪ್ಪಾಗಿದ್ದು. ಮಧ್ಯಾಹ್ನ ಪಾದ್ರಿ ಇಸಿದೋರಸ್ ಫೋನು. ಬೇರೆ ಊರಿನ ಚರ್ಚಲ್ಲಿ ಮದುವೆ ಆದ್ರೂ ಪರವಾಗಿಲ್ಲ ಮಗಳೇ, ನನಗೊಂದು ಮಾತು ಹೇಳ್ಬೇಕಿತ್ತು ಅಂತ ಬೇಜಾರು ಮಾಡ್ಕೊಂಡ್ರು. ಉಂಗುರ ಬಲಗೈಗೆ ಹೋಗಿದೆ ಅಂದ್ರೆ ಮದುವೆ ಆಗಿದೆ. ಅರ್ಗಿರಿಸ್ ಸಿಂಗಾಪುರದ ಹತ್ರ ಸಮುದ್ರದಲ್ಲಿದ್ದಾನೆ. ಹಾಗಾದ್ರೆ ಇವಳು ಆಗಿದ್ದು ಯಾರನ್ನ? ಊರೆಲ್ಲ ಕೂತು ಗಂಡು ಹುಡುಕ್ತಿತ್ತು. ಒಬ್ಬರು ಪಶುವೈದ್ಯ ಅಂದ್ರು, ಇನ್ನೊಬ್ಬರು ಬಸ್ ಓಡಿಸೋನು ಅಂದ್ರು.

ಸಾಯಂಕಾಲ ಅರ್ಗಿರಿಸ್ ತಾಯಿ ಪಗೋನಾ ಅಂಗಡಿಗೇ ಬಂದ್ಲು. ಕುರ್ಚಿಯಲ್ಲಿ ಒಬ್ಬಳು ಅರ್ಧ ಕತ್ತರಿಸಿದ ಕೂದಲಲ್ಲಿ ಕೂತಿದ್ದಾಳೆ, ಅದ್ಯಾವುದೂ ಪಗೋನಾಗೆ ಕಾಣಿಸ್ಲಿಲ್ಲ. ಇವಳ ಬಲಗೈ ಎತ್ತಿ ನೋಡಿದ್ಲು.

"ಯಾರು ಅವನು?"

"ಯಾರೂ ಇಲ್ಲ ಅತ್ತೆ. ಕತ್ತರಿ ಹಿಡಿಯೋಕಾಗಲ್ಲ ಅಂತ ಈ ಕೈಗೆ ಹಾಕೊಂಡೆ."

"ನನ್ನ ತಲೆ ಮೇಲೆ ಬಿಳಿಕೂದಲಿದೆ, ಒಳಗೇನೂ ಇಲ್ಲ ಅನ್ಕೊಂಡ್ಯಾ? ಈಗಿಂದೀಗ್ಲೇ ಎಡಗೈಗೆ ಹಾಕು. ಇಲ್ಲ ತೆಗೆದು ನನ್ನ ಕೈಗೆ ಕೊಡು, ಮಗನಿಗೆ ನಾನೇ ಹೇಳ್ತೀನಿ."

ಕೊಟ್ರೆ ಸಂಬಂಧ ಮುಗೀತು. ಹಾಕೊಂಡ್ರೆ ಕೆಲಸ ಮುಗೀತು. ಸ್ತಮಾತಾಗೆ ಎಷ್ಟು ಸಿಟ್ಟು ಬಂತು ಅಂದ್ರೆ ಅಳುನೂ ಬರ್ಲಿಲ್ಲ. ಅಷ್ಟರಲ್ಲಿ ಪಗೋನಾ ಮಗನಿಗೆ ವಿಡಿಯೋ ಕಾಲ್ ಹಚ್ಚಿಯಾಗಿತ್ತು. ಅರ್ಗಿರಿಸ್ ಮುಖ ಬಂತು, ಕಿವಿ ಹತ್ರ ಇಂಜಿನ್ ಗ್ರೀಸು ಮೆತ್ಕೊಂಡಿತ್ತು. ಅಮ್ಮ ಹೇಳಿದ್ದೆಲ್ಲ ಕೇಳಿಸ್ಕೊಂಡ. ಇನ್ಯಾರೋ ಗಂಡು ಇದ್ದಾನೆ ಅನ್ನೋದನ್ನ ಒಂದು ಕ್ಷಣನೂ ನಂಬಲಿಲ್ಲ, ಅದು ಅವನ ಮುಖದಲ್ಲೇ ಕಾಣ್ತಿತ್ತು. ಆದ್ರೆ ಬಾಯಿಬಿಟ್ಟು ಹೇಳಿದ್ದು ಇದು:

"ಸ್ತಮಾತಾ, ಅಮ್ಮನ ಸಮಾಧಾನಕ್ಕೆ ಎಡಗೈಗೇ ಹಾಕೊಂಡ್ಬಿಡು. ನಿಂಗೇನು ಹೋಗೋದು?"

ಆ ಖಾಲಿ ಕುರ್ಚಿ ಬಿಡಿಸ್ತಿದ್ದೋನು ಇವನೇನಾ ಅನ್ನಿಸ್ಬಿಡ್ತು ಅವಳಿಗೆ. ಕತ್ತರಿ ಕೆಳಗಿಟ್ಟು ಪಗೋನಾ ಕೈಯಿಂದ ಫೋನ್ ತಗೊಂಡ್ಲು.

"ನಿನ್ನ ಕೈ ತೋರ್ಸು."

"ಯಾಕೆ?"

"ಎರಡೂ ತೋರ್ಸು."

ತೋರಿಸಿದ. ಎರಡೂ ಕೈ ಬೋಳು. ಉಂಗುರ ಎಲ್ಲಿ ಅಂತ ಪಗೋನಾ ಕೇಳಿದ್ದಕ್ಕೆ, ಕ್ಯಾಬಿನ್ನಲ್ಲಿ ಕಾಲುಚೀಲದ ಡ್ರಾಯರಲ್ಲಿದೆ ಅಂದ. ಇಂಜಿನ್ ರೂಮಲ್ಲಿ ಉಂಗುರ ಹಾಕ್ಕೊಂಡ್ರೆ ಬೆರಳೇ ಕಿತ್ತುಹೋಗತ್ತೆ, ಕೆಲಸ ಅಲ್ವಾ ಅಮ್ಮ ಅಂದ. ಹೇಳ್ತಾ ಹೇಳ್ತಾನೇ ಅವನ ದನಿ ಸಣ್ಣಗಾಯ್ತು.

"ನಾನೇನು ಇಲ್ಲಿ ಹೂವು ಕಟ್ತಾ ಕೂತಿದ್ದೀನಾ?" ಅಂದ್ಲು ಸ್ತಮಾತಾ. "ಫೆಬ್ರವರಿಯಿಂದ ನಿನ್ನ ಕೈ ಯಾರಾದ್ರೂ ನೋಡಿದ್ರಾ? ಯಾರನ್ನ ಕಟ್ಕೊಂಡೆ, ಯಾರನ್ನ ಬಿಟ್ಟೆ ಅಂತ ಹಡಗಲ್ಲಿ ಯಾರಾದ್ರೂ ಕೇಳಿದ್ರಾ?"

ಅವನು ತನ್ನ ಬೋಳು ಕೈ ತಿರುಗಿಸಿ ನೋಡ್ಕೊಂಡ. ಪಗೋನಾ ಫೋನ್ ಹತ್ರ ಬಗ್ಗಿದ್ಲು.

"ಯಾರೂ ಕೇಳಿಲ್ಲ," ಅಂದ ಅರ್ಗಿರಿಸ್. "ಅಮ್ಮಾ, ಅವಳ ಕೈ ಅವಳಿಗೆ ಬಿಡು. ನಾನು ಹೇಳಿದ್ದೂ ತಪ್ಪೇ."

ಪಗೋನಾ ಗಂಡನೂ ಹಡಗಿನೋನೇ. ಒಂಬತ್ತು ಬೆರಳಲ್ಲಿ ರಿಟೈರಾಗಿ ಬಂದೋನು. ಅದಕ್ಕೋ ಏನೋ, ಅವಳು ಉಂಗುರದ ಮಾತು ಬಿಟ್ಲು. ಮಗನಿಗೆ ಸರಿಯಾಗಿ ಊಟ ಮಾಡು ಅಂತ ಹೇಳಿ ಫೋನಿಟ್ಟು, ಕುರ್ಚಿಯಲ್ಲಿ ಕೂತಿದ್ದೋಳ ಅರ್ಧ ತಲೆನ ಆಗ ನೋಡಿ, ಮುಗಿಸು ಪಾಪ ಅಂದ್ಲು. ಆಮೇಲೆ ಬಾಗಿಲಿಗೆ ಹೋದ್ಲು. ಹೊರಗೆ ಬೆಂಚಿನ ಮೇಲೆ ಮೂವರು ಕೂತಿದ್ರು. ಯಾರಿಗೂ ಕೂದಲು ಕತ್ತರಿಸ್ಕೊಳ್ಳೋ ಕೆಲಸ ಇರ್ಲಿಲ್ಲ.

"ನಮ್ಮ ಹುಡುಗಿ ಎಡಚಿ, ಅದಕ್ಕೆ ಉಂಗುರ ಬಲಗೈಲಿರತ್ತೆ," ಅಂದ್ಲು ಪಗೋನಾ, ಬಂದರಿಗೇ ಕೇಳೋ ಹಾಗೆ. "ಮದುವೆ ಅಕ್ಟೋಬರಲ್ಲೇ. ನನ್ನ ಮಗನ ಜೊತೇನೇ."

ಒಳಗೆ ಸ್ತಮಾತಾ ಕತ್ತರಿ ತಗೊಂಡ್ಲು. ಎಷ್ಟೋ ದಿನದ ಮೇಲೆ ಭುಜ ಹಗುರ ಆದ ಹಾಗಿತ್ತು. ಅಷ್ಟರಲ್ಲಿ ಬೆಂಚಿನಿಂದ ಒಬ್ಬಳು ಕೇಳಿದ್ಲು, ಹಾಗಾದ್ರೆ ಮದುವೆ ಆದ್ಮೇಲೆ ಎಡಗೈಗೆ ಬರತ್ತಾ?

"ಇಲ್ಲ," ಅಂದ್ಲು ಸ್ತಮಾತಾ ಒಳಗಿಂದಲೇ. "ಇಲ್ಲೇ ಇರತ್ತೆ."

"ಮತ್ತೆ ಮದುವೆ ಆಯ್ತು ಅಂತ ನಮಗೆ ಗೊತ್ತಾಗೋದು ಹೇಗೆ?"

"ಬಂದು ಕೇಳ್ರಮ್ಮ."

ತಮಾಷೆಗೆ ಹೇಳಿದ್ಲು, ಪಾಪ. ಮಾರನೇ ದಿನ ಮಧ್ಯಾಹ್ನದೊಳಗೆ ಆರು ಜನ ಬಂದು, ಮದುವೆ ಆಯ್ತಾ ಅಂತ ಕೇಳಿಕೊಂಡು ಹೋದ್ರು.