ಅವಳನ್ನು ನೀರಿಗಿಳಿಸಲಿಲ್ಲ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗಳನ್ನು ಒಯ್ಯುವ ಸ್ಕೂಬಾ ಬೋಟಿನಲ್ಲಿ ನಾನು ಡೈವ್‌ಮಾಸ್ಟರ್. ಸಿಲಿಂಡರ್ ಕಟ್ಟುವುದು, ನೀರಿಗಿಳಿದವರ ತಲೆ ಎಣಿಸುವುದು, ಗಾಬರಿಬಿದ್ದವರನ್ನು ಕೈಹಿಡಿದು ಮೇಲೆ ತರುವುದು ನನ್ನ ಕೆಲಸ. ಊರು ಬೀಳಗಿ ತಾಲ್ಲೂಕಿನ ಅನಗವಾಡಿ. ನಮ್ಮದು ಕುರಿ ಸಾಕುವ ಮನೆತನ. ನನಗೆ ಊರ ಹೊಳೆಯಲ್ಲಿ ಈಜು ಕಲಿಸಿದವನು ಅಪ್ಪ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬನಹಟ್ಟಿಯ ಗಂಡ ಹೆಂಡತಿ ಬಂದರು. ಮದುವೆಯಾಗಿ ಹತ್ತು ವರ್ಷವಾಯಿತೆಂದು ನೀರಿನೊಳಗೆ ಕೈಕೈ ಹಿಡಿದ ವಿಡಿಯೊ ಬೇಕಾಗಿತ್ತು ಅವನಿಗೆ. ಡೈವ್ ಮಾಡುವವರು ಮೊದಲು ಆರೋಗ್ಯದ ಫಾರ್ಮ್ ತುಂಬಬೇಕು. ಇಬ್ಬರ ಫಾರ್ಮಿನಲ್ಲೂ ಒಂದೇ ಕೈಬರಹ, ಎಲ್ಲ ಪ್ರಶ್ನೆಗೂ 'ಇಲ್ಲ'. ನಾನದನ್ನು ನೋಡಿದೆ. ಬೋಟಿನ ಮಾಲೀಕ ಅವಸರ ಮಾಡುತ್ತಿದ್ದ. ಸುಮ್ಮನೆ ಕಡತಕ್ಕೆ ಸೇರಿಸಿದೆ.

ಬೋಟು ಹೊರಟ ಮೇಲೆ ನನ್ನ ಮಾತಿನ ಧಾಟಿ ಕೇಳಿ ಹೆಂಡತಿ ಹತ್ತಿರ ಬಂದು ಕುಳಿತಳು.

"ಅಕ್ಕಾರ, ನಮ್ಮ ಕಡೆಯವ್ರೇನ್ರಿ ನೀವು?"

ಊರು ಹೇಳಿದೆ, ಮನೆಯ ಕಸುಬು ಹೇಳಿದೆ. ಗಂಡನೂ ಪಕ್ಕದಲ್ಲೇ ಕೇಳುತ್ತಿದ್ದ. ಅವರದು ಪವರ್‌ಲೂಮಿನ ಮನೆ. ನಾಲ್ಕು ಮಗ್ಗಗಳ ನಡುವೆ ಕುಳಿತು ದಿನವಿಡೀ ಕಂಡಿಕೆಗೆ ನೂಲು ಸುತ್ತುವವಳು ಅವಳು. ಮಾತಿನ ನಡುವೆ ಎರಡು ಸಲ ಕೆಮ್ಮಿದಳು. ಸಮುದ್ರದ ಗಾಳಿ ಇರಬೇಕೆಂದುಕೊಂಡೆ.

ದ್ವೀಪದ ಬಳಿ ಲಂಗರು ಹಾಕಿ ಅವಳ ಬೆನ್ನಿಗೆ ಸಿಲಿಂಡರ್ ಏರಿಸಿದ್ದೆ. ಬೆಲ್ಟ್ ಬಿಗಿಯುವಷ್ಟರಲ್ಲಿ ಅವಳು ಆಚೆ ತಿರುಗಿ, ಟವೆಲನ್ನು ಸೆರಗಿನಂತೆ ಮರೆ ಹಿಡಿದು, ಬಾಯಿಗೆ ಏನನ್ನೋ ಇಟ್ಟು ಒತ್ತಿದಳು. ಉಸಿರಿಗೆ ಔಷಧ ಎಳೆದುಕೊಳ್ಳುವ ನೀಲಿ ಪಂಪು.

"ಎಷ್ಟು ದಿನದಿಂದ ಐತಿ ಇದು?"

"ಐದಾರು ವರ್ಷಾತ್ರಿ. ನೂಲಿನ ಧೂಳಿಗೆ ದಮ್ಮು ಬರತೈತಿ."

 ದಮ್ಮಿನವರು ಕೆಳಗಿನಿಂದ ಮೇಲೆ ಬರುವಾಗ ಪುಪ್ಪುಸದಲ್ಲಿ ಸಿಕ್ಕಿಕೊಂಡ ಗಾಳಿ ಉಬ್ಬಿ ಪುಪ್ಪುಸವನ್ನೇ ಹರಿದುಬಿಡಬಹುದು. ಅದನ್ನು ಅವಳ ಗಂಡನಿಗೆ ಹೇಳಿದೆ. ಅವನು ಮಂಜು ಕಟ್ಟದಂತೆ ಮಾಸ್ಕಿಗೆ ಉಗುಳಿ ಒರೆಸುತ್ತಲೇ ಇದ್ದ.

"ಊರಾಗ ದಿನಾ ದುಡಿತಾಳ್ರಿ, ಏನೂ ಆಗಿಲ್ಲ. ಹತ್ತು ನಿಮಿಷಕ್ಕ ಏನಾಗತೈತಿ?"

ಮಾಲೀಕನೂ ಬಂದ. ನೀರಿಗಿಳಿಸುವ ಶಿಕ್ಷಕನೂ ಅವನೇ, ಕರಾವಳಿಯವನು. "ನೀನು ಎಂತ ಮಾರಾಯ್ತಿ? ಮೇಲೆಮೇಲೆ ಸ್ವಲ್ಪ ಹೋಗಿ ಬರ್ಲಿ. ಫಾರ್ಮಿಗೆ ಸೈನ್ ಹಾಕಿದ್ದಾರಲ್ಲ."

 ಅವಳ ಬೆಲ್ಟ್ ಬಿಚ್ಚಿ ಸಿಲಿಂಡರನ್ನು ಕೆಳಗಿಳಿಸಿ ಹಗ್ಗದಿಂದ ಕಟ್ಟಿದೆ. 

"ಇಳಿಸೋದಿಲ್ಲ" ಎಂದೆ.

ಗಂಡ ಎದ್ದು ನಿಂತ. "ಕುರಿ ಕಾಯವ್ರ ಮಗಳು ನಮಗ ಬುದ್ಧಿ ಹೇಳಾಕ ಬಂದಾಳ."

"ಹೌದ್ರಿ, ಕುರಿ ಕಾಯವ್ರ ಮಗಳ. ಮರಿಗೆ ದಮ್ಮು ಹತ್ತಿದ್ರ ನಮ್ಮಪ್ಪ ಅದನ್ನ ಹೊಳಿಗೆ ಇಳಸ್ತಿರ್ಲಿಲ್ಲ. ಹೆಗಲ ಮ್ಯಾಲೆ ಹೊತ್ಕೊಂಡು ದಾಟಸ್ತಿದ್ದ."

ಬೋಟಿನಲ್ಲಿದ್ದ ಉಳಿದವರು ಬೇರೆ ಕಡೆ ನೋಡತೊಡಗಿದರು. ಆಗ ಅವಳು ಗಂಡನ ಮುಖ ನೋಡಿ ಮೆಲ್ಲಗೆ ಹೇಳಿದಳು:

"ಫಾರ್ಮ್ ಬರಿಯೂ ಮುಂದ ನನ್ನ ಒಂದು ಮಾತು ಕೇಳಿದ್ರ ಏನಾಗತಿತ್ತು? ನಾ ಇಳಿಯೂದಿಲ್ಲ."

ಅವನು ಹೆಂಡತಿಯನ್ನು ಬಿಟ್ಟು ಮಾಲೀಕನ ಜೊತೆ ಇಳಿದ. ನಾನು ಮೇಲೆ ಕಾವಲಿಗೆ ಉಳಿದೆ. ಅವಳು ಪಕ್ಕದಲ್ಲಿ ಕುಳಿತು ನಿಧಾನವಾಗಿ ಉಸಿರಾಡುತ್ತಿದ್ದಳು. ನೀನಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಅವಳನ್ನು ಬಯ್ಯಬೇಕೆನಿಸಿತು. ಬಯ್ಯಲು ನನಗೇನು ಹಕ್ಕಿತ್ತು? ಬೆಳಿಗ್ಗೆಯೇ ಒಂದೇ ಕೈಬರಹ ಕಂಡವಳು ನಾನು.

"ನನಗ ಮೊದಲ ಅನುಮಾನ ಬಂದಿತ್ತು, ತಂಗಿ. ಕೇಳಲಿಲ್ಲ. ತಪ್ಪಾತು" ಎಂದೆ.

 ಅವಳು ನೀರು ನೋಡುತ್ತಲೇ, "ಈಗರೆ ಕೇಳಿದ್ರಲ್ಲ" ಎಂದಳು.

ವಾಪಸು ಬರುವಾಗ ಗಂಡ ಮುಂದಿನ ತುದಿಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ. ಅವಳು ಎದ್ದು ಹೋಗಿ ನೀರಿನ ಬಾಟಲಿ ಕೊಟ್ಟು ಬಂದಳು. ಅದನ್ನು ಕಂಡು ನನಗೆ ಸಿಟ್ಟೇ ಬಂತು.

ಗಿರಾಕಿಯ ಮುಂದೆ ಮರ್ಯಾದೆ ತೆಗೆದೆನೆಂದು ಮಾಲೀಕ ನನ್ನನ್ನು ಬೋಟಿನಿಂದ ಇಳಿಸಿ, ಸಿಲಿಂಡರಿಗೆ ಗಾಳಿ ತುಂಬುವ ಕೋಣೆಗೆ ಹಾಕಿದ. ಕಂಪ್ರೆಸರಿನ ಗದ್ದಲದಲ್ಲಿ ಒಂದು ವಾರ ಕಳೆದೆ. ಎಂಟನೆಯ ದಿನ ಅವನ ಬಳಿ ಹೋಗಿ, "ಬೋಟಿಗೆ ನಾನು ಬೇಕಾದರೆ, ನಾನು ಬೇಡ ಅಂದವರು ಇಳಿಯಬಾರದು. ಇಲ್ಲದಿದ್ದರೆ ಊರಿಗೆ ಹೊರಟೆ" ಎಂದೆ.  ಮರುದಿನ ಬೋಟಿಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರು ಇತ್ತು.