ಮೂರೂರಿಗೂ ಒಂದೇ ಮೇಜು ಹಾಸುವ ಹೀನಾ

ಮೂಡಲಗಿ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಹೀನಾ ಅತ್ತಾರ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಕಿಟಕಿ ತೆಗೆದು, ಒಂದೊಂದೇ ಯಂತ್ರದ ಗುಂಡಿ ಒತ್ತುತ್ತ ಹೋಗುತ್ತಾಳೆ. ಹಳೇ ಯಂತ್ರಗಳು, ಏಳುವಾಗ ಗೊಣಗುತ್ತವೆ. ಮೂಲೆಯಲ್ಲಿರುವ ಒಂದನ್ನು ಮಾತ್ರ ಅವಳು ಮುಟ್ಟುವುದಿಲ್ಲ. ಅದರ ಮೇಲೆ ಕೆಂಪಂಚಿನ ಟವೆಲ್ಲೊಂದು ಹಾಸಿದೆ. ಅದರ ಮುಂದೆ ಕೈಕಟ್ಟಿ ನಿಂತು ನೋಡುತ್ತಾಳೆ. "ಅವರ ಬರ್ಲಿ ತಡೀರಿ, ಅವರ ಕೈಲೇನ ತೆಗಸೂಣು" ಎನ್ನುತ್ತಾಳೆ.

ಇಷ್ಟು ಬೆಳಗ್ಗೆ ಬಸ್ಸು ಹಿಡಿದು ನಾನಿಲ್ಲಿಗೆ ಬಂದಿರುವುದು ಲೇಖನದ ಆಸೆಗಿಂತ ಹೊಟ್ಟೆಕಿಚ್ಚಿಗೆ. ಮುಚ್ಚಿಡುವುದೇನಿದೆ? ನಮ್ಮ ಮನೆಯವರು ಈಶ್ವರ ಇದೇ ಸಂಸ್ಥೆಯಲ್ಲಿ ಗಣಿತ ಕಲಿಸುತ್ತಾರೆ. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ತಾಟಿನ ಮುಂದೆ ಕುಳಿತರೆ ಸಾಕು, ಹೀನಾ ಪುರಾಣ ಶುರು. ಹೀನಾ ಹಾಗೆ ಮಾಡಿದಳು, ಹೀನಾ ಇದ್ದದ್ದಕ್ಕೆ ಬಚಾವಾದೆ. ನನ್ನ ಲೇಖನ ಬಂದ ಪುರವಣಿಯನ್ನು ಮಾತ್ರ ಅವರು ಊಟದ ಡಬ್ಬಿಗೆ ಸುತ್ತಿಕೊಂಡು ಹೋಗುತ್ತಾರೆ. ಯಾರಪ್ಪಾ ಈ ಹೀನಾ, ನೋಡಿಯೇ ಬಿಡೋಣ ಎಂದು ಬಂದೆ.

ನೋಡಿದರೆ ಸಣ್ಣ ಮೈಕಟ್ಟಿನ, ಮೆಲ್ಲಗೆ ಮಾತಾಡುವ ಹುಡುಗಿ. ಊರು ಮೇಲವಂಕಿ. ತಂದೆ ಶಬ್ಬೀರ ಸಂತೆಗಳಲ್ಲಿ ಸ್ಟೋವ್, ಟಾರ್ಚು ರಿಪೇರಿ ಮಾಡುತ್ತಿದ್ದವರು, ಈಗ ಕಣ್ಣು ಮಂಜಾಗಿ ಮನೆಯಲ್ಲಿದ್ದಾರೆ. ತಾಯಿ ರಶೀದಾಬಿಯ ಹೊಲಿಗೆ ಯಂತ್ರದ ಮೇಲೆ ಹೀನಾಳ ಡಿಪ್ಲೊಮಾ ಮುಗಿಯಿತು. ಕಾಲೇಜಿಗೆ ಸೇರಿದ್ದು ಅಟೆಂಡರ್ ಎಂದು. ಕಸ ಹೊಡೆಯುವುದು, ಯಂತ್ರ ಹಚ್ಚುವುದು, ಸಂಜೆ ಆರಿಸಿ ಬೀಗ ಹಾಕುವುದು, ಇಷ್ಟೇ ಕೆಲಸ. ಪಗಾರ ಇವತ್ತಿಗೂ ಅದೇ ಕೆಲಸದ್ದು.

ಸಂಸ್ಥೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಕಾಲೇಜುಗಳಿವೆ. ಉಪನ್ಯಾಸಕರು ಇವತ್ತು ಈ ಊರು, ನಾಳೆ ಆ ಊರು ಎಂದು ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆಯುವವರು. ಎಲ್ಲರ ಕೊರಳಲ್ಲೂ ಪೆನ್‌ಡ್ರೈವ್ ನೇತಾಡುತ್ತಿತ್ತು. ಒಬ್ಬರದು ಬಸ್ಸಿನಲ್ಲಿ ಬೀಳುತ್ತಿತ್ತು, ಇನ್ನೊಬ್ಬರದು ವೈರಸ್ ಹೊತ್ತು ತರುತ್ತಿತ್ತು. ಹೀನಾ ಅದಕ್ಕೊಂದು ದಾರಿ ಹುಡುಕಿದಳು. ಈಗ ಯಾವ ಊರಿನ ಯಾವ ಯಂತ್ರದ ಮುಂದೆಯಾದರೂ ಕುಳಿತು ಹೆಸರು, ಪಾಸ್‌ವರ್ಡ್ ಹೊಡೆದರೆ ನಿನ್ನೆ ಬಿಟ್ಟ ಮೇಜು, ಅಂದರೆ ಡೆಸ್ಕ್‌ಟಾಪ್, ಹಾಗೆಯೇ ತೆರೆದುಕೊಳ್ಳುತ್ತದೆ. ಪಾಠ, ಅಂಕಪಟ್ಟಿ, ಪರದೆಯ ಹಿನ್ನೆಲೆಯ ಚಿತ್ರ, ಎಲ್ಲ ಇಟ್ಟಲ್ಲೇ ಇರುತ್ತವೆ. ಇದಕ್ಕೆ ರೋಮಿಂಗ್ ಪ್ರೊಫೈಲ್ ಎನ್ನುತ್ತಾರಂತೆ.

ಹೇಳಿದಷ್ಟು ಸಲೀಸಲ್ಲ. ಗೋಕಾಕದಲ್ಲಿ ಹೊಸ ವಿಂಡೋಸ್, ಮೂಡಲಗಿಯಲ್ಲಿ ಹಳೇದು, ಹುಕ್ಕೇರಿಯಲ್ಲಿ ಯಾರೋ ದಾನ ಕೊಟ್ಟ ಯಂತ್ರಗಳಲ್ಲಿ ಲಿನಕ್ಸ್. ಹೊಸದು ಕಟ್ಟಿದ ಕಡತಗಳ ಗಂಟನ್ನು ಹಳೇದು ಬಿಚ್ಚುವುದಿಲ್ಲ, ಹಳೇದರದ್ದು ಹೊಸದಕ್ಕೆ ಬೇಡ. ಅತ್ತೆ ಸೊಸೆಯ ನಡುವೆ ಓಡಾಡುವವರ ಹಾಗೆ ಹೀನಾ ಎಲ್ಲವನ್ನೂ ಹೊಂದಿಸುವ ಕಂಪ್ಯೂಟರ್ ಆಜ್ಞೆಯೊಂದನ್ನು ಬರೆದಿಟ್ಟಿದ್ದಾಳೆ. ಕೆಲಸ ಮುಗಿಸಿದವರು ಕ್ರಮವಾಗಿ ಲಾಗೌಟ್ ಆಗಬೇಕು. ಆಗ ಗಂಟು ಗೋಕಾಕದ ಸರ್ವರಿಗೆ ಹೋಗಿ, ಮೂರೂ ಊರಿಗೆ ಹೊಂದುವಂತೆ ಮಡಚಿಕೊಳ್ಳುತ್ತದೆ. ಅವಳ ಶರತ್ತು ಅದೊಂದೇ.

ಮೊದಮೊದಲು ಒಬ್ಬೊಬ್ಬರ ಮೇಜು ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತಂತೆ. ಗಂಟು ಯಾಕೆ ಇಷ್ಟು ಭಾರ ಎಂದು ನೋಡಿದರೆ ಎಲ್ಲರೂ ಡೆಸ್ಕ್‌ಟಾಪ್ ಮೇಲೆ ಸಂಸಾರವನ್ನೇ ಹರವಿದ್ದರು. ಎಲ್ಲರಿಗಿಂತ ಭಾರದ್ದು ಈಶ್ವರರ ಗಂಟು. ಅದರೊಳಗೆ ನಮ್ಮ ಮದುವೆಯ ವಿಡಿಯೋ ಇತ್ತು. ಹೀನಾ ಒಂದು ಮಾತು ಹೇಳಿದ್ದಕ್ಕೆ ಅವರು ಅದನ್ನು ಅವತ್ತೇ ತೆಗೆದರಂತೆ. ಮನೆಯ ಅಟ್ಟದ ಮೇಲಿನ ಹಳೇ ಪೇಪರ್ ತೆಗೆಯಿರಿ ಎಂದು ನಾನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಇದನ್ನು ಕೇಳಿ ನನ್ನ ಮೈ ಉರಿಯಿತು.

ಇವತ್ತು ಮಾತ್ರ ಅವಳಿಗೇ ಕಷ್ಟ ಬಂದಿದೆ. ಅರ್ಥಶಾಸ್ತ್ರದ ಹಿರಿಯ ಉಪನ್ಯಾಸಕ ಗುರುಲಿಂಗಪ್ಪನವರು ಗುರುವಾರ ಇಲ್ಲಿ ಕುಳಿತು ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಿದ್ದರು. ಶುಕ್ರವಾರ ಹುಕ್ಕೇರಿಯಲ್ಲಿ ತೆರೆದರೆ ಒಂದಕ್ಷರವೂ ಇಲ್ಲ. ಅಟೆಂಡರ್ ಹುಡುಗಿಯ ಆಟದಲ್ಲಿ ಪತ್ರಿಕೆ ಹೋಯಿತು ಎಂದು ಸಂಸ್ಥೆಯ ಅಧ್ಯಕ್ಷರಿಗೆ ದೂರು ಹೋಯಿತು. ಸೋಮವಾರದಿಂದ ಇದನ್ನೆಲ್ಲ ಬಿಚ್ಚಿಹಾಕಿ, ನೀನು ಕಸ ಹೊಡೆದುಕೊಂಡಿರು ಎಂದು ಅಧ್ಯಕ್ಷರು ಹೀನಾಳಿಗೆ ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ.

ಆ ಟವೆಲ್ಲು ಗುರುಲಿಂಗಪ್ಪನವರದು. ಮೂಲೆಯ ಯಂತ್ರ ಬಹಳ ವರ್ಷಗಳಿಂದ ತಮ್ಮದೆಂದೇ ಅವರ ಲೆಕ್ಕ. ಯಾರು ಎಲ್ಲಿಯಾದರೂ ಕೂರಬಹುದು ಎಂದಾಗಿನಿಂದ ಅವರ ಜೀವಕ್ಕೆ ಸಮಾಧಾನವಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಹಾಗೆ, ಹೋಗುವಾಗ ಪರದೆಯನ್ನಷ್ಟೇ ಆರಿಸಿ ಟವೆಲ್ ಹೊದಿಸುತ್ತಾರೆ. ಹಿರಿಯರ ಟವೆಲ್ ಎತ್ತುವ ಧೈರ್ಯ ಯಾರಿಗಿದೆ? ಯಂತ್ರ ಒಳಗೆ ನಡೆಯುತ್ತಲೇ ಇರುತ್ತದೆ, ಲಾಗೌಟ್ ಆಗದ ಗಂಟು ಗೋಕಾಕಕ್ಕೆ ಹೋಗುವುದೇ ಇಲ್ಲ.

ನೀನೇ ತೆಗೆದು ಸರಿಮಾಡಬಹುದಿತ್ತಲ್ಲ ಎಂದೆ. "ಅವರನ್ನ ಲಾಗೌಟ್ ಮಾಡಿ ಹೊರಗ ಹಾಕಾಕ ನನಗ ಬರತೈತ್ರಿ. ಖರೆ ಅವರು ಸೇವ್ ಮಾಡಿರಲಿಲ್ಲಂದ್ರ ಬರದದ್ದೆಲ್ಲಾ ಹೋಗತೈತಿ. ಆಮ್ಯಾಲ ಖರೇನ ನಾನ ಕಳದಂಗ ಆಗತೈತಲ್ರಿ." ಕರೆಂಟು ಹೋದರೆ ಬ್ಯಾಟರಿ ಎಷ್ಟು ಹೊತ್ತು ತಾಳೀತು ಎಂಬ ಭಯಕ್ಕೆ ಮೊದಲ ಬಸ್ಸಿಗೇ ಬಂದಿದ್ದಾಳೆ.

ಗುರುಲಿಂಗಪ್ಪನವರು ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಪರದೆ ಹಚ್ಚಿ, ಪಾಸ್‌ವರ್ಡ್ ಹೊಡೆಯುತ್ತಾರೆ. ಪ್ರಶ್ನೆಪತ್ರಿಕೆ ಅಲ್ಲೇ ಇದೆ. ಕೊನೆಯ ಪ್ರಶ್ನೆ ಅರ್ಧಕ್ಕೆ ನಿಂತಿದೆ. ಹೀನಾ ದೂರದಿಂದಲೇ ಒಂದೊಂದಾಗಿ ಹೇಳುತ್ತಾಳೆ, ಅವರು ಸೇವ್ ಮಾಡಿ ಲಾಗೌಟ್ ಆಗುತ್ತಾರೆ. ಬಾಜೂಕಿನ ಯಂತ್ರದಲ್ಲಿ ಕೂರಿಸಿದರೆ ಅದೇ ಪತ್ರಿಕೆ ಅಲ್ಲಿಯೂ ತೆರೆಯುತ್ತದೆ. ಅವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡುತ್ತಾರೆ.

"ಟವೆಲ್ ಸೀಟ್ ಹಿಡೀತೈತ್ರಿ ಸರ್, ಸಾಮಾನ ಒಯ್ಯಂಗಿಲ್ಲ" ಎನ್ನುತ್ತಾಳೆ ಹೀನಾ.

ಅವರು ವರಾಂಡಕ್ಕೆ ಹೋಗಿ ಅಧ್ಯಕ್ಷರಿಗೆ ಫೋನ್ ಹಚ್ಚುತ್ತಾರೆ. ಕಿಟಕಿಯಿಂದ ನಮಗೂ ಕೇಳುತ್ತದೆ. "ಪತ್ರಿಕೆ ಸಿಕ್ಕೈತ್ರಿ. ಮರತದ್ದು ನಾನು. ಅದನ್ನ ಬಿಚ್ಚಸಬ್ಯಾಡ್ರಿ."

ಹೀನಾ ಕುರ್ಚಿಯ ಮೇಲೆ ಕುಳಿತು ನೀರು ಕುಡಿಯುತ್ತಾಳೆ. ಎಲ್ಲರಿಗೂ ಮೇಜು ಹಾಸುತ್ತೀಯಲ್ಲ, ನಿನ್ನದು ತೋರಿಸು ಎಂದು ಕೇಳಿದೆ. ಅವಳದಿಲ್ಲವಂತೆ. ಲಾಗಿನ್ ಹೆಸರು ಇರುವುದು ಉಪನ್ಯಾಸಕರಿಗೆ ಮಾತ್ರ, ಅವಳು ಒಳಗೆ ಹೋಗುವುದು ನಿರ್ವಾಹಕರ ಖಾತೆಯಿಂದ. ಅಲ್ಲಿ ಬರೀ ನೀಲಿ ಪರದೆ. "ಕೀಲಿ ನನ್ನ ಕಡೇನ ಐತ್ರಿ, ನನ್ನ ಹೆಸರೂ ಹಾಕ್ಕೋಬಹುದು. ಆದ್ರ ಯಾರರೆ ಹಾಕ್ಕೋ ಅನ್ನಬೇಕಲ್ರಿ. ಅವರು ಎಲ್ಲಿ ಕುಂತ್ರೂ ಅವರ ಸಾಮಾನ ಬರೂದ ನೋಡಿದ್ರ ನನಗೂ ಹೊಟ್ಟಿಕಿಚ್ಚ ಆಗತೈತ್ರಿ." ಹೇಳಿ ನಗುತ್ತಾಳೆ. ನನ್ನಂಥವಳೇ ಒಬ್ಬಳು ಸಿಕ್ಕಳೆಂದು ನನಗೆ ಸ್ವಲ್ಪ ಹಾಯೆನಿಸಿತು.

ಆ ಹಾಯಿ ಬಸ್‌ಸ್ಟ್ಯಾಂಡ್ ದಾಟುವವರೆಗೂ ಉಳಿಯಲಿಲ್ಲ. ಗಂಟು ಸರ್ವರಿಗೆ ಸರಿಯಾಗಿ ಮುಟ್ಟಿತೋ ಇಲ್ಲವೋ ನೋಡಲು ಹೀನಾ ಗೋಕಾಕಕ್ಕೆ ಹೊರಟಿದ್ದಾಳೆ, ಜೊತೆಗೆ ನಾನು, ನಮ್ಮ ಹಿಂದೆ ಗುರುಲಿಂಗಪ್ಪನವರು. ಸಂತೆಯ ಗದ್ದಲ, ಬಸ್ಸು ನಿಲ್ಲುವ ಮೊದಲೇ ಜನ ಮುತ್ತುತ್ತಾರೆ. ಗುರುಲಿಂಗಪ್ಪನವರು ಎಲ್ಲರನ್ನೂ ಸರಿಸಿ ಕಿಟಕಿಯಿಂದ ಟವೆಲ್ ಒಗೆಯುತ್ತಾರೆ. ಇವರ ಚಾಳಿ ಎಲ್ಲಿ ಹೋಗುತ್ತದೆ ಎಂದುಕೊಳ್ಳುತ್ತ ಒಳಗೆ ಹತ್ತಿದೆ. ಅವರು ಸೀಟಿನ ಪಕ್ಕ ಕಂಬ ಹಿಡಿದು ನಿಂತಿದ್ದಾರೆ. ಹೀನಾ ಹತ್ತಿರ ಬಂದಾಗ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಕುಂಡ್ರವಾ" ಎನ್ನುತ್ತಾರೆ.

ಹೀನಾ ಕುಳಿತು, ಅರಭಾವಿ ಬರುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾಳೆ. ಈಶ್ವರ ನನಗಾಗಿ ಒಮ್ಮೆಯೂ ಬಸ್ಸಿಗೆ ಟವೆಲ್ ಒಗೆದವರಲ್ಲ. ಗೋಕಾಕದ ತನಕ ನಾನು ನಿಂತೇ ಬಂದೆ.