ಹಪ್ಪಳದ ಜೊತೆ ಒಣಗಿದ ಪಿಯಾನೊ

ಆಗೆಲ್ಲ ನಮ್ಮ ಮಲ್ಕಾಜ್‌ಗಿರಿಯ ಓಣಿಯಲ್ಲಿ ಯಾರ ಮನೆಗೆ ಹೋದರೂ ಕಂಪ್ಯೂಟರಿನದೇ ಮಾತು. ರೈಲ್ವೆಯಲ್ಲಿ ಅರ್ಧ ಆಯುಷ್ಯ ಸವೆಸಿದವರು ಮಕ್ಕಳನ್ನು ಕೋರ್ಸಿಗೆ ಹಚ್ಚಿ, "ಇನ್ನೇನ್ ಚಿಂತಿ ಇಲ್ಲ ಬಿಡ್ರಿ" ಎನ್ನುತ್ತಿದ್ದರು. ಅಪ್ಪನ ತಮ್ಮ ಸುಧೀರ ಕಾಕಾ ದಿನಾ ಅಮೀರ್‌ಪೇಟೆಯ ಕ್ಲಾಸಿಗೆ ಹೋಗಿ ಬಂದು, ಊಟದ ತಾಟಿನ ಮುಂದೆ ಕೂತು ನಮಗೆಲ್ಲ ಪಾಠ ಒಪ್ಪಿಸುತ್ತಿದ್ದ. ಅಂಥ ಮನೆಯ ಪಡಸಾಲೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನೊಂದು ದೊಡ್ಡ ಬಾಯಿ ತೆರೆದು ಕೂತಿತ್ತು. ಬಂದವರು ನೋಡಿ ನಗುತ್ತಿದ್ದರು.

ಅದು ಪೀಟರ್ ಅಜ್ಜನದು. ಅವರು ಎಂಜಿನ್ ಡ್ರೈವರ್, ನಮ್ಮ ಅಜ್ಜ ಗಾರ್ಡ್. ಒಂದೇ ಗಾಡಿಯ ಎರಡು ತುದಿಗಳಲ್ಲಿ ನೌಕರಿ ಕಳೆದು ಗೆಳೆಯರಾದವರು. ಆಂಗ್ಲೋ ಇಂಡಿಯನ್ನರಾದರೂ ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಹುಟ್ಟಿ ಬೆಳೆದ ಅವರ ಕನ್ನಡ ನಮ್ಮದಕ್ಕಿಂತ ಗಟ್ಟಿ. ನಿವೃತ್ತಿಯಾದ ಮೇಲೆ ಕೂಕಟ್‌ಪಲ್ಲಿಯಲ್ಲಿ ಮಗಳ ಫ್ಲ್ಯಾಟು ಸೇರಿದ್ದರು. ಅಲ್ಲಿ ಮೊಮ್ಮಗನ ಓದಿಗೆ ತೊಂದರೆಯೆಂದು ಗ್ರಾಮಫೋನು ನಮ್ಮ ಮನೆಗೆ ಬಂದಿತ್ತು. ಪ್ರತಿ ರವಿವಾರ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಬಿಸ್ಕಿಟ್ ಪೊಟ್ಟಣ ಹಿಡಿದು ಅದನ್ನು ಕೇಳಲು ಬರುತ್ತಿದ್ದರು.

ಇದ್ದ ಆರೇಳು ರೆಕಾರ್ಡ್ ತಟ್ಟೆಗಳಲ್ಲಿ ಒಂದು ಮಾತ್ರ ಅವರ ಪ್ರಾಣ. ಯಾವುದೋ ದೇಶದ, ಯಾವುದೋ ಕಾಲದ ಒಬ್ಬ ಪಿಯಾನೊ ವಾದಕ. ಪೀಟರ್ ಅಜ್ಜನ ತಾಯಿ ಆ ತಟ್ಟೆಯನ್ನು ಕೇಳಿ ಕೇಳಿಯೇ ಕಲಿತು, ರೈಲ್ವೆ ಕ್ಲಬ್ಬಿನ ಪಿಯಾನೊದಲ್ಲಿ ನುಡಿಸುತ್ತಿದ್ದರಂತೆ. ತಾಯಿಯ ಒಂದು ಫೋಟೊ ಕೂಡ ಅವರಲ್ಲಿ ಇರಲಿಲ್ಲ. ಉಳಿದದ್ದು ಅದೊಂದೇ.

ತಟ್ಟೆಯ ಮೇಲೆ ಮುಳ್ಳು ಇಟ್ಟ ಕೂಡಲೇ ಮೊದಲು ಸರ್ ಎಂಬ ಸದ್ದು, ಒಗ್ಗರಣೆ ಬಿದ್ದ ಹಾಗೆ. ಅದರ ಹಿಂದಿನಿಂದ ಪಿಯಾನೊ ಬರುತ್ತಿತ್ತು, ಯಾರೋ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನುಡಿಸಿದಂತೆ. ನಾನು ಮುಖ ಸಿಂಡರಿಸಿದರೆ ಪೀಟರ್ ಅಜ್ಜ ಬಿಡಿಸಿ ಹೇಳುತ್ತಿದ್ದರು.

"ಸುಮಿ, ಆವಾಗ ಮೈಕ್ ಇರಲಿಲ್ಲವಾ. ಹಿಂತಾದ್ದ ಒಂದು ದೊಡ್ಡ ಕಹಳಿ ಮುಂದ ಕೂತು ಬಾರಸ್ಬೇಕು. ಆ ಸಪ್ಪಳನ ಮೇಣದ ಮ್ಯಾಲೆ ಗೀರು ಕೊರೀತಿತ್ತು. ಮೆತ್ತಗ ಬಾರಿಸಿದ್ರ ಬೀಳಂಗಿಲ್ಲ. ತಪ್ಪಿದ್ರ ಮತ್ತ ಮೊದಲಿಂದ."

ಅದೂ ನಾಲ್ಕೇ ನಿಮಿಷ. ಅಷ್ಟರಲ್ಲಿ ಮೇಣ ಮುಗಿಯುತ್ತಿತ್ತು. ಹಾಗಾಗಿ ಮೂರು ನಿಮಿಷ ನಿಧಾನವಾಗಿ ನುಡಿಸಿದ ಆ ಮನುಷ್ಯ ಕೊನೆಗೆ ಸರಸರ ಓಡುತ್ತಿದ್ದ. ನಮ್ಮ ಇಬ್ಬರು ಮುದುಕರು ಕಾಯುತ್ತಿದ್ದದ್ದೇ ಆ ಓಟಕ್ಕೆ. ಬೆರಳುಗಳು ಓಡತೊಡಗಿದ ಕ್ಷಣ ಪೀಟರ್ ಅಜ್ಜ, "ಸಿಗ್ನಲ್ ಬಿತ್ರೀ ಗಾರ್ಡ್ ಸಾಹೇಬ್ರ!" ಎಂದು ಕೂಗುತ್ತಿದ್ದರು. ನಮ್ಮ ಅಜ್ಜ ಹೆಗಲ ಮೇಲಿನ ಟವೆಲ್ ಎತ್ತಿ ಬೀಸಿ, "ರೈಟ್, ರೈಟ್!" ಎನ್ನುತ್ತಿದ್ದರು. ಟೈಮಿಗೆ ಸರಿಯಾಗಿ ಗಾಡಿ ನಿಲ್ದಾಣ ಮುಟ್ಟಿಸುವ ಕಷ್ಟ ಅವರಿಬ್ಬರಿಗೂ ಗೊತ್ತಿತ್ತಲ್ಲ.

ಒಂದು ಬೇಸಿಗೆಯಲ್ಲಿ ಸುಧೀರ ಕಾಕಾ ನನ್ನ ತಲೆಯಲ್ಲಿ ಹುಳು ಬಿಟ್ಟ. "ಆ ಸರ್ ಅನ್ನೂದೆಲ್ಲಾ ಕಸ. ಕಂಪ್ಯೂಟರಿಗೆ ಹಾಕಿದ್ರ ಎಲ್ಲಾ ಸ್ವಚ್ಛ ಆಗ್ತೈತಿ."

ಕಸವಾದರೆ ಕಂಪ್ಯೂಟರ್ ಯಾಕೆ, ಪಾತ್ರೆ ತೊಳೆಯುವ ಮೋರಿ ಇದೆಯಲ್ಲ? ಶನಿವಾರ ಬೆಳಿಗ್ಗೆ ಯಾರೂ ನೋಡದಾಗ ತಟ್ಟೆಯನ್ನು ಒಯ್ದು, ಸೀಗೆಪುಡಿ ಹಾಕಿ ಗಸಗಸ ತಿಕ್ಕಿದೆ. ನಡುವಿನ ಕೆಂಪು ಕಾಗದದ ಮೇಲಿದ್ದ ಹೆಸರು ಅರ್ಧಕ್ಕರ್ಧ ಅಳಿಸಿತು. ಅಜ್ಜಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದ್ದರು. ತೊಳೆದದ್ದು ಏನೇ ಇರಲಿ, ನಮ್ಮ ಮನೆಯಲ್ಲಿ ಒಣಗುವುದು ಅಲ್ಲಿಯೇ. ನಾನು ತಟ್ಟೆಯನ್ನೂ ಹಪ್ಪಳದ ಸಾಲಿನಲ್ಲಿ ಹರವಿ, ಕುಂಟಾಬಿಲ್ಲೆ ಆಡಲು ಓಡಿದೆ.

ಮಧ್ಯಾಹ್ನ ಬಂದು ನೋಡಿದರೆ ಹಪ್ಪಳದ ಜೊತೆ ತಟ್ಟೆಯೂ ಅಂಚಿನಲ್ಲಿ ಸೊಟ್ಟಗಾಗಿ ಮೇಲೆದ್ದಿತ್ತು. ಮರುದಿನವೇ ರವಿವಾರ. ಪೀಟರ್ ಅಜ್ಜನ ತಾಯಿಯನ್ನು ನಾನೇ ಎರಡನೆಯ ಸಲ ಸಾಯಿಸಿದೆ ಎಂದು ನೀರಿನ ಟಾಕಿಯ ಹಿಂದೆ ಕೂತು ಅತ್ತೆ.

ಹಪ್ಪಳ ಮಗುಚಲು ಬಂದ ಅಜ್ಜಿ ಎರಡನ್ನೂ ನೋಡಿದರು, ತಟ್ಟೆಯನ್ನೂ ನನ್ನನ್ನೂ. ಬೈಯುತ್ತಾರೆಂದು ಕಾದೆ.

"ಅತ್ರ ನೆಟ್ಟಗ ಆಗ್ತೈತೇನು? ಬಿಸಲಾಗ ಸೊಟ್ಟ ಆಗಿದ್ದು ಬಿಸಲಾಗನ ನೆಟ್ಟಗ ಆಗಬೇಕು. ಏಳು."

ಪಡಸಾಲೆಯಲ್ಲಿ ಅಜ್ಜ ಗೊರಕೆ ಹೊಡೆಯುತ್ತಿದ್ದರು. ದೇವರ ಮನೆಯಿಂದ ವಿಠ್ಠಲನ ಮತ್ತು ಲಕ್ಷ್ಮಿಯ ದೊಡ್ಡ ಪಟಗಳನ್ನು ಇಳಿಸಿ, ಹಿಂದಿನ ಮೊಳೆ ಕಿತ್ತು, ಅಜ್ಜಿ ಎರಡೂ ಗಾಜು ಬಿಚ್ಚಿದರು. ನಾನು ಹೆದರಿದೆ.

"ಒಂದಿನ ಗಾಜಿಲ್ಲದ ನಿಂತ್ರ ವಿಠ್ಠಲಗೇನೂ ಸೆಖಿ ಆಗೂದಿಲ್ಲ" ಎಂದರು.

ಎರಡು ಗಾಜುಗಳ ನಡುವೆ ತಟ್ಟೆಯನ್ನಿಟ್ಟು ಮತ್ತೆ ಬಿಸಿಲಿಗೆ ಹಿಡಿದೆವು. ಹಪ್ಪಳದ ಹದ ನೋಡುವ ಕಣ್ಣಿನಿಂದಲೇ ಅಜ್ಜಿ ಅದನ್ನು ನೋಡುತ್ತ ಕೂತರು. ಅಂಚು ಮೆತ್ತಗಾಗಿ ಮೆಲ್ಲಗೆ ಮಲಗಿದ ಕೂಡಲೇ ಗಾಜಿನ ಸಮೇತ ಕೆಳಗೆ ತಂದು, ದೇವರ ಮನೆಯ ತಣ್ಣನೆಯ ಹಾಸುಗಲ್ಲಿನ ಮೇಲೆ ಇಟ್ಟು, ಅಜ್ಜನ ಹಳೆಯ ರೈಲ್ವೆ ಟೈಮ್‌ಟೇಬಲ್ ಪುಸ್ತಕಗಳನ್ನು ಹೇರಿದರು. ನಾನು ಉಳಿದ ದೇವರಿಗೆಲ್ಲ ಕೈಮುಗಿದೆ.

ರವಿವಾರ ಪೀಟರ್ ಅಜ್ಜ ಬಂದರು. ಅಜ್ಜ ಕೀಲಿ ಕೊಟ್ಟು ಮುಳ್ಳು ಇಟ್ಟರು. ತಟ್ಟೆ ಸಣ್ಣಗೆ ಮೇಲೆ ಕೆಳಗೆ ಆಡುತ್ತ ತಿರುಗಿತು, ಪಿಯಾನೊ ಜೋಲಿ ಹೊಡೆಯಿತು.

"ಏನ್ರೀ ಇದು, ಇವತ್ತ ನಮ್ಮ ಮನಷ್ಯಾ ಕುಡದ ಬಂದಾನ?" ಎಂದರು ಪೀಟರ್ ಅಜ್ಜ.

"ನಾನ ತೊಳದೆ..." ಎಂದು ಗೊಳೋ ಎಂದೆ. ಅವರು ಕೈಯೆತ್ತಿ ಸುಮ್ಮನಿರಿಸಿದರು. ಬಾಗಿದ್ದು ಹೊರಗಿನ ಅಂಚು ಮಾತ್ರ. ಮುಳ್ಳು ಒಳಗೆ ಸರಿದಂತೆ ತೂರಾಟ ನಿಂತು, ಕೊನೆಗೆ ಆ ಬೆರಳುಗಳು ಎಂದಿನಂತೆಯೇ ಓಡಿದವು. "ಸಿಗ್ನಲ್ ಬಿತ್ರೀ!" "ರೈಟ್, ರೈಟ್!" ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು.

ಪೀಟರ್ ಅಜ್ಜ ನನ್ನನ್ನು ಹತ್ತಿರ ಕರೆದು ಕೇಳಿದರು. "ತೊಳದ್ಯಲ್ಲ, ಆ ಸರ್ ಅನ್ನೂದು ಹೋತೇನು?"

"ಇಲ್ರೀ."

"ಹೋಗಬಾರ್ದವಾ. ಅವ ಕೂತು ಬಾರಿಸಿದ ಖೋಲಿ ಅದು, ಆ ನಾಕ್ ಗ್ವಾಡಿ ಸಪ್ಪಳ. ಖೋಲಿ ತೊಳದ ಹಾಕಿದ್ರ ಅವನೂ ಹೋಗ್ತಾನ." ಆಮೇಲೆ ಅಡಿಗೆಮನೆಯಲ್ಲಿದ್ದ ಅಜ್ಜಿಯ ಕಡೆ ತಿರುಗಿ, "ವೈನಿ, ಇದರ ಜೋಡಿ ಒಣಗಿದ ಹಪ್ಪಳ ಒಂದೆರಡು ಸುಟ್ಟು ಕೊಡ್ರಿ, ಅವು ಹೆಂಗ್ ಹಾಡ್ತಾವ ನೋಡೂಣು" ಎಂದರು. ಅಷ್ಟು ರುಚಿಯ ಹಪ್ಪಳವನ್ನು ನಾನು ಮತ್ತೆ ತಿಂದಿಲ್ಲ.

ಈಗ ಆ ಇಬ್ಬರು ಅಜ್ಜಂದಿರೂ ಇಲ್ಲ, ಅಜ್ಜಿಯೂ ಇಲ್ಲ. ಗ್ರಾಮಫೋನಿನ ಸ್ಪ್ರಿಂಗ್ ಮುರಿದಿದೆ, ರಿಪೇರಿ ಮಾಡುವವರು ಸಿಗುವುದಿಲ್ಲ. ತಟ್ಟೆ ಮಾತ್ರ ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಕಪಾಟಿನಲ್ಲಿದೆ. ಹೆಸರನ್ನು ನಾನೇ ಅಳಿಸಿದ್ದರಿಂದ ಅವನು ಯಾರೆಂದು ಹುಡುಕುವ ದಾರಿಯೂ ಇರಲಿಲ್ಲ.

ಮೊನ್ನೆ ಫೋನಿನಲ್ಲಿ ಯಾವುದೋ ಹಳೆಯ ಪಿಯಾನೊ ತಾನಾಗಿಯೇ ಬಂತು. ಅರ್ಧ ಕಿವಿಯಲ್ಲಿ ಕೇಳುತ್ತ ತರಕಾರಿ ಹೆಚ್ಚುತ್ತಿದ್ದೆ. ಮೂರು ನಿಮಿಷ ದಾಟಿದ ಮೇಲೆ ಬೆರಳುಗಳು ಓಡತೊಡಗಿದವು. ಅವನೇ! ಇನ್ನು ನನ್ನ ಕಪಾಟಿನ ತಟ್ಟೆ ಒಡೆದರೂ ಅವನು ಹೋಗುವುದಿಲ್ಲ ಎಂದು ದೊಡ್ಡದೊಂದು ನಿಟ್ಟುಸಿರು ಬಂತು. ಕಾಕಾ ಹೇಳಿದ್ದು ನಿಜವಾಗಿತ್ತು. ನನ್ನ ಸೀಗೆಪುಡಿಗೆ ಆಗದ್ದು ಯಾರದೋ ಕಂಪ್ಯೂಟರಿಗೆ ಆಗಿತ್ತು. ಸರ್ ಎಂಬ ಸದ್ದು ಇರಲಿಲ್ಲ. ತೂರಾಟವಿರಲಿಲ್ಲ. ಆ ಖೋಲಿಯೂ ಇರಲಿಲ್ಲ.

"ಸಿಗ್ನಲ್ ಬಿತ್ರೀ" ಎಂದು ನಾನೇ ಮೆಲ್ಲಗೆ ಅಂದೆ. ರೈಟ್ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.